ಅವಳು ಮಂಕು ಎಂದಾಗ

"ನಿನ್ನೆ ಬೇಕಂತಲೇ ಸುಳ್ಳು ಹೇಳಿದೆ. ನಕ್ಷತ್ರ ಮಂಕಾಗಿದೆ ಅಂದೆ, ನೀವೂ ಮಂಕಾಗಿದೆ ಅಂದ್ರಿ. ನೋಡಿದ್ರಾ, ಇಲ್ಲ ಬರೀ ತಲೆ ಆಡಿಸಿದ್ರಾ?" ಎಂದಳು ಕನ್ನಡಕದಂಗಡಿಯವಳು.

ದರ್ಜಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಎಲ್ಲೋ ಮೇಲಿರೋ ಚುಕ್ಕಿ. ಅದು ಮಂಕಾದ್ರೇನು, ಬೆಳಗಿದ್ರೇನು? ಅದಕ್ಕೆ ಇಷ್ಟು ರಂಪಾಟನಾ?"

ಅಂದುಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡ.

ಅವಳ ಮಹಡಿಗೆ ಬೀದಿದೀಪದ ಬೆಳಕು ರಾಚುತ್ತದೆಂದು ಅವಳು ಸಂಜೆ ಅಂಗಡಿ ಬಾಗಿಲೆಳೆದು ದರ್ಜಿಯ ಮಹಡಿಗೆ ಬರುತ್ತಿದ್ದಳು. ತನ್ನಷ್ಟಕ್ಕೆ ಬೆಳಗಿ ಮಂಕಾಗುವ ಒಂದು ನಕ್ಷತ್ರ, ಅದರ ಅಕ್ಕಪಕ್ಕ ಬದಲಾಗದ ಎರಡು. ಅವೆರಡರ ಜೊತೆ ಹೋಲಿಸಿ, ಅದು ಮಂಕಾಗಿದೆಯೋ ಬೆಳಗಿದೆಯೋ ಹೇಳಬೇಕು. ಇಬ್ಬರೂ ನೋಡಿ ಮುಗಿಸುವ ತನಕ ಯಾರೂ ಬಾಯಿ ಬಿಡಬಾರದೆಂದು ಅವಳೇ ಕಟ್ಟಳೆ ಮಾಡಿದ್ದಳು. ಆದರೆ ನೋಡುತ್ತ ನೋಡುತ್ತ ತನಗೇ ತಿಳಿಯದೆ ಗೊಣಗುತ್ತಿದ್ದವಳೂ ಅವಳೇ.

ಆಮೇಲೆ ಬೈನಾಕ್ಯುಲರ್ ಇವನ ಕೈಗೆ ಬರುತ್ತಿತ್ತು. ಅದರ ಅಂಚಿನಲ್ಲಿ ಅವಳ ಹುಬ್ಬಿನ ಬಿಸಿ ಇನ್ನೂ ಉಳಿದಿರುತ್ತಿತ್ತು. ಇವನು ಕಣ್ಣು ಮುಚ್ಚಿ ಅದನ್ನಷ್ಟೇ ಅನುಭವಿಸಿ, ಅವಳು ಗೊಣಗಿದ್ದನ್ನೇ ಒಪ್ಪಿಸುತ್ತಿದ್ದ. ಅವಳು ಮೆಚ್ಚಿ ಓರೆನೋಟ ಬೀರಿ, ಇವನ ಹೆಗಲಿಗಂಟಿದ ದಾರದ ಎಳೆ ತೆಗೆದು ಊದಿಬಿಡುತ್ತಿದ್ದಳು. ಒಂಟಿ ಬಾಳಿಗೆ ಅಷ್ಟು ಸಾಕಾಗಿತ್ತು. ಕೆಲವು ದಿನ ತಾನೇ ಬೇಕೆಂದೇ ಎಳೆ ಅಂಟಿಸಿಕೊಂಡು ಮಹಡಿ ಹತ್ತಿದ್ದುಂಟು.

"ಹೂಂಗುಟ್ಟೋಕೆ ಮನೇಲಿ ನನ್ನ ಅಣ್ಣ ಇದ್ದಾನೆ. ಇನ್ನೊಂದು ಜೊತೆ ಕಣ್ಣು ಬೇಕಂತ ಇಲ್ಲಿಗೆ ಬಂದೆ," ಎಂದಳು ಅವಳು.

"ನಾನು ನೋಡ್ತಿದ್ದದ್ದು ನಿಮ್ಮನ್ನ," ಎಂದ ದರ್ಜಿ, ನೆಲ ನೋಡುತ್ತ. "ನನಗೆ ನೀವು ಬೇಕು."

ಅವಳ ಕೈ ಅಭ್ಯಾಸಬಲದಿಂದ ಅವನ ಹೆಗಲ ಎಳೆಯತ್ತ ಬಂತು. ಅರ್ಧದಲ್ಲೇ ನಿಂತಿತು.

"ಇಷ್ಟು ದಿನ ನನಗೆ ಬೇಕಾದ್ದನ್ನೇ ಹೇಳಿದ್ರಿ," ಎಂದಳು ಮೆಲ್ಲಗೆ. "ಇದನ್ನ ಹೇಗೆ ನಂಬಲಿ?"

ಬೈನಾಕ್ಯುಲರನ್ನು ಮಹಡಿಯ ಅಂಚಿನ ಕಟ್ಟೆಯ ಮೇಲಿಟ್ಟು ಮೆಟ್ಟಿಲಿಳಿದಳು.

ಅವನು ಅದನ್ನೆತ್ತಿ ಮೊದಲ ಬಾರಿಗೆ ನಿಜವಾಗಿ ನೋಡಿದ. ನಡುವಿನ ನಕ್ಷತ್ರ ಅಕ್ಕಪಕ್ಕದ ಎರಡನ್ನೂ ಮೀರಿ ಬೆಳಗುತ್ತಿತ್ತು. ಕಟ್ಟೆಯಿಂದ ಬೀದಿಗೆ ಬಗ್ಗಿ ನೋಡಿದ. ಅವಳಾಗಲೇ ತಿರುವು ದಾಟಿದ್ದಳು.

ಮಾರನೆಯ ಸಂಜೆಯೂ ನೋಡಿದ, ಅದರ ಮಾರನೆಯ ಸಂಜೆಯೂ. ಇನ್ನೂ ಬೆಳಗಿದೆ ಎಂದು ಗಟ್ಟಿಯಾಗಿ ಹೇಳಿ, ಮೆಟ್ಟಿಲ ಕಡೆ ಕಿವಿಗೊಟ್ಟು ನಿಲ್ಲುತ್ತಿದ್ದ. ಬೈನಾಕ್ಯುಲರಿನ ಅಂಚು ತಣ್ಣಗಿರುತ್ತಿತ್ತು. ಹೆಗಲ ಮೇಲಿನ ಎಳೆ ಹಾಗೇ ಇರುತ್ತಿತ್ತು.