ಸೋಪಿನ ಬಿರಡೆ

ಶೆಡ್ಡಿನ ಬಾಗಿಲು ಒಡೆದಾಗ ಕೊಟ್ಟೂರಪ್ಪನವರು ಸ್ಟೇರಿಂಗ್ ಹಿಂದೆಯೇ ಕೂತಿದ್ದರು. ಜೀವ ಹೋಗಿತ್ತು. ಪಕ್ಕದ ಸೀಟಿನ ಬಾಗಿಲು ಮಾತ್ರ ಪೂರ್ತಿ ತೆರೆದಿತ್ತು, ಯಾರೋ ಈಗಷ್ಟೇ ಇಳಿದು ಹೋದ ಹಾಗೆ.

ಚಳ್ಳಕೆರೆಯ ಜನಕ್ಕೆ ಅಷ್ಟು ಸಾಕಾಯಿತು. ತೀರಿಹೋದ ಹೆಂಡತಿ ಸುಲೋಚನಮ್ಮ ಬಂದು ಯಜಮಾನರನ್ನು ಕರೆದುಕೊಂಡು ಹೋದಳು ಎಂದು ಗೇಟಿನ ಹತ್ತಿರ ಪಿಸುಗುಟ್ಟಿದರು. ಆ ಕಾರು ಅಂಬಾಸಡರ್‌ಗೂ ಹಿಂದಿನ ಕಾಲದ ಲ್ಯಾಂಡ್‌ಮಾಸ್ಟರ್. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಅದರಲ್ಲೇ ಸಿದ್ದಾಪುರದ ಬೆಟ್ಟದ ಕಡೆ ಸುತ್ತಿದ್ದರು. ಆಕೆ ಹೋದ ಮೇಲೆ ದಿನಾ ಮುಸ್ಸಂಜೆಗೆ ಕೊಟ್ಟೂರಪ್ಪನವರು ಶೆಡ್ಡಿಗೆ ಬಂದು ಚಿಲಕ ಹಾಕಿಕೊಳ್ಳುತ್ತಿದ್ದರು. ಆ ಕಡೆಯ ಬಾಗಿಲು ತೆರೆದಿಟ್ಟು, ಡ್ಯಾಶ್‌ಬೋರ್ಡಿನ ಮೇಲಿನ ಅವಳ ಫೋಟೋಗೆ ಊದುಬತ್ತಿ ಹಚ್ಚಿ ಕೂರುತ್ತಿದ್ದರು. ಒಳಗೆ ಮಾತು ಕೇಳುತ್ತಿತ್ತು ಎಂದು ಮನೆಗೆಲಸದವರು ಹೇಳುವುದುಂಟು.

ಆ ದಿನ ಊದುಬತ್ತಿಗೆ ಕಡ್ಡಿ ಗೀರಿದ್ದೇ ತಡ, ಶೆಡ್ಡು ಹೊತ್ತಿಕೊಂಡಿತು. ಪಕ್ಕದಲ್ಲೇ ಅವರ ಎಣ್ಣೆ ಗಿರಣಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಬಾರದೆಂದು ಬಲ್ಲ ಕೆಲಸದವರು ಮರಳು ಎರಚಿ ಆರಿಸಿದರು. ಅಗ್ನಿಶಾಮಕದ ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಸಬ್ ಇನ್ಸ್‌ಪೆಕ್ಟರ್ ಗಂಗಲಕ್ಷ್ಮಿಗೆ ಕೇಸು ಸುಲಭವಾಗಿತ್ತು. ಅದೇ ಅವಳಿಗೆ ಹೆದರಿಕೆ. ಸುಲಭ ಕಂಡಾಗಲೆಲ್ಲ ತಾನೇನೋ ಬಿಟ್ಟಿದ್ದೇನೆ ಅನ್ನಿಸುವುದು ಅವಳ ಸ್ವಭಾವ. ಬೀಗ ಹಾಕಿ ಬಂದವಳು ಅರ್ಧ ದಾರಿಯಿಂದ ತಿರುಗಿ ಹೋಗಿ ಮತ್ತೆ ಎಳೆದು ನೋಡುವ ಜಾತಿ.

ಆರೋಪಿ ತಾನಾಗಿಯೇ ಬಂದು ಕೂತಿದ್ದ. ಮೊಳಕಾಲ್ಮೂರಿನ ಮೆಕ್ಯಾನಿಕ್ ಓಬಳೇಶ್. ಹಳೇ ಗಾಡಿಗಳಿಗೆ ಆ ಸೀಮೆಯಲ್ಲೆಲ್ಲ ಅವನೇ ಬೇಕು. ಠಾಣೆಯ ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿ ಚಿತ್ತಮ್ಮ ಬುತ್ತಿ ಬಿಚ್ಚದೆ ಕಾಯುತ್ತಿದ್ದಳು.

“ನಾನೇ ಕೊಂದಿದ್ದು ಮೇಡಂ. ಎಲ್ಲಿ ಹೇಳ್ತೀರೋ ಅಲ್ಲಿ ಸೈನ್ ಹಾಕ್ತೀನಿ.”

ಟ್ಯಾಂಕು ತುಕ್ಕು ಹಿಡಿದು ಸೋರುತ್ತಿತ್ತು. ಅದನ್ನು ಇಳಿಸಿ, ಬಿಸಿನೀರಲ್ಲಿ ತೊಳೆದು ಬೆಸುಗೆ ಹಾಕಬೇಕೆಂದು ಅವನು ಹೇಳಿದ್ದ. ಯಜಮಾನರು ಒಪ್ಪಲಿಲ್ಲ. ಸುಲೋಚನಮ್ಮನ ತಿಥಿಯ ದಿನ ಸಿದ್ದಾಪುರಕ್ಕೆ ಹೋಗಿಬರಲು ಟ್ಯಾಂಕು ತುಂಬಿಸಿದ್ದರು. ಅಲ್ಲಿಯವರೆಗೆ ಕಾರು ಜಾಗ ಬಿಟ್ಟು ಕದಲಕೂಡದು. ಓಬಳೇಶ್ ಬಟ್ಟೆಸೋಪನ್ನು ನಾದಿ ತೂತಿಗೆ ಬಿರಡೆಯಂತೆ ಒತ್ತಿ ಬಂದಿದ್ದ. ದಾರಿಯಲ್ಲಿ ಕೆಟ್ಟ ಗಾಡಿಗೆ ಎಲ್ಲರೂ ಮಾಡುವ ಉಪಾಯವೇ ಅದು. ಸೋಪು ಪೆಟ್ರೋಲಿಗೆ ಕರಗುವುದಿಲ್ಲ.

“ಹಂಗಾದ್ರೆ ಹೆಂಗೆ ಸೋರ್ತು?”

“ಸರಿಯಾಗಿ ಒತ್ತಿರಲಿಲ್ಲೇನೋ. ಅವರ ಮಾತು ಕೇಳದೆ ಪೆಟ್ರೋಲ್ ಇಳಿಸಬೇಕಿತ್ತು. ಕಣ್ಣು ಮುಚ್ಚಿದ್ರೆ ತೊಟ್ಟು ಬೀಳೋ ಸದ್ದು ಕೇಳ್ತೈತೆ ಮೇಡಂ.”

ಸಂಜೆಯೊಳಗೆ ಹೇಳಿಕೆ ಮುಗಿಸಿ, ನಿರ್ಲಕ್ಷ್ಯದಿಂದಾದ ಸಾವು ಎಂದು ಬರೆದು ಕಳಿಸಿ ಎಂದು ಮೇಲಿನವರು ಫೋನಿನಲ್ಲಿ ಹೇಳಿದ್ದರು. ಸೈನ್ ಹಾಕಿದರೆ ಓಬಳೇಶ್ ಜೈಲಿಗೆ. ಗಂಗಲಕ್ಷ್ಮಿ ಪೆನ್ನಿನ ಮುಚ್ಚಳ ತೆಗೆದಳು. ಮತ್ತೆ ಹಾಕಿದಳು.

“ಬೇರೆ ಏನಾದ್ರೂ ಹೇಳಿದ್ಯಾ ಅವರಿಗೆ?”

ಹೇಳಿದ್ದ. ಸೋಪಿಗೆ ನೀರು ತಗುಲಿದರೆ ಕರಗಿ ಹೋಗುತ್ತದೆ, ಕಾರಿನ ಕೆಳಗೆ ಒಂದು ತೊಟ್ಟೂ ಬೀಳಬಾರದು, ಬಿದ್ದರೆ ಶೆಡ್ಡು ಸುಟ್ಟು ಹೋದೀತು ಎಂದಿದ್ದ. ಹೇಳಿದ್ದು ಡ್ರೈವರ್ ಜಯಣ್ಣನಿಗೆ. ಇಬ್ಬರ ಮನೆಮಾತೂ ತೆಲುಗು, ತೆಲುಗಿನಲ್ಲೇ ಹೇಳಿದ್ದ. ಅಲ್ಲಿ ಮನೆಯ ಅಳಿಯ ಮಹಾಂತೇಶ್ ಕೂಡ ನಿಂತಿದ್ದರು. ಆದರೆ ಹಾವೇರಿ ಕಡೆಯವರು, ಅವರಿಗೆ ತೆಲುಗು ಬಾರದು.

*

ಮಧ್ಯಾಹ್ನದ ಬಿಸಿಲಿನಲ್ಲಿ ಗಂಗಲಕ್ಷ್ಮಿ ಕಾನ್‌ಸ್ಟೇಬಲ್ ಗೋವರ್ಧನನ ಜೊತೆ ಮತ್ತೆ ಶೆಡ್ಡಿಗೆ ಹೋದಳು. ಕಾರಿನ ಹಿಂಭಾಗವೂ ಒಳಗಿನ ಸೀಟುಗಳೂ ಕರಕಲು. ಮುಂದಿನ ಬಾನೆಟ್ ಮಾತ್ರ ಹಾಗೇ ಉಳಿದಿತ್ತು. ಬಾಗಿಲು ಇನ್ನೂ ತೆರೆದೇ ಇತ್ತು. ಆ ಖಾಲಿ ಸೀಟಿಗೆ ಬೆನ್ನು ಹಾಕಲು ಅವಳಿಗೆ ಧೈರ್ಯವಾಗಲಿಲ್ಲ. ಪಕ್ಕಕ್ಕೆ ಸರಿದು ಗೋಡೆಯ ಉದ್ದಕ್ಕೂ ನಡೆದಳು.

ಗೋಡೆಯ ಬುಡದಲ್ಲಿ ನೀರು ಹೋಗುವ ಒಂದು ಕಂಡಿ. ಹೊರಗೆ ಹೋಗಿ ನೋಡಿದರೆ ಅದರ ಬಾಯಿಗೆ ಒಂದು ಕರಿಬೇವಿನ ಗಿಡ. ಎಲೆಗಳು ಸುರುಟಿದ್ದವು. ಆದರೆ ಬುಡ ಹಸಿ.

ಕೊಟ್ಟೂರಪ್ಪನವರ ಮಗಳು ದೀಪಿಕಾ ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತು ಅತ್ತು ದನಿ ಕಟ್ಟಿತ್ತು. ಗಿಡಕ್ಕೆ ನೀರು ಹಾಕಿದಿರಾ ಎಂದು ಗಂಗಲಕ್ಷ್ಮಿ ಮೆಲ್ಲಗೆ ಕೇಳಿದಳು. ಇಲ್ಲ ಎಂದಳು. ನಲ್ಲಿ ನೀರು ಬಂದು ವಾರವಾಯಿತು, ಗಿಡಕ್ಕೆ ಅಕ್ಕಿ ತೊಳೆದ ನೀರೇ ಗತಿ, ಎರಡು ದಿನದಿಂದ ಈ ಮನೆಯಲ್ಲಿ ಒಲೆಯೇ ಹತ್ತಿಲ್ಲ.

ಗಂಗಲಕ್ಷ್ಮಿ ಒಂದು ಚಿಟಿಕೆ ಮಣ್ಣು ಉಜ್ಜಿ ಮೂಸಿದಳು. ಪೆಟ್ರೋಲ್.

“ಅಪ್ಪಾಜಿಗೆ ವಾಸನೆ ಗೊತ್ತಾಗ್ಲಿಲ್ವಾ?”

“ಕೊರೊನಾ ಬಂದು ಹೋದ ಮೇಲೆ ಅಪ್ಪಾಜಿಗೆ ಮೂಗೇ ಇಲ್ಲ,” ಎಂದಳು ದೀಪಿಕಾ. “ಮನೇಲಿ ಎಲ್ಲರಿಗೂ ಗೊತ್ತೈತೆ.”

ಬೆಂಕಿಗೆ ಎರಚಿದ್ದು ಬರೀ ಮರಳು. ಹಾಗಾದರೆ ನೀರು ಬಂದಿದ್ದು ಬೆಂಕಿಗೆ ಮುಂಚೆ. ಯಾರಾದರೂ ಕಾರು ತೊಳೆದರೇ? ಗಂಗಲಕ್ಷ್ಮಿ ಒಳಗೆ ಬಂದು ಬಾನೆಟ್ ಮೇಲೆ ಬೆರಳೆಳೆದಳು. ಶೇಂಗಾ ಹೊಟ್ಟಿನ ದೂಳು ದಪ್ಪಗೆ ಕೂತಿತ್ತು. ಬೆರಳು ಹೋದಲ್ಲಿ ಗೆರೆ ಬಿತ್ತು.

“ಕಾರು ತೊಳೆಯೋರು ಬಾನೆಟ್ ಬಿಟ್ಟು ಹೊಟ್ಟೆ ಮಾತ್ರ ತೊಳೀತಾರೇನೋ ಗೋವರ್ಧನ?”

“ತೊಳೆದಿದ್ದು ಕಾರಲ್ಲ ಬಿಡಿ ಮೇಡಂ,” ಎಂದ ಗೋವರ್ಧನ.

*

ನೀರಿಗೆ ಬಿರಡೆ ಕರಗುವ ಗುಟ್ಟು ಗೊತ್ತಿದ್ದವನು ಜಯಣ್ಣ ಒಬ್ಬನೇ. ಅವನನ್ನು ಕರೆಸಿ ಗದರಿಸಿದ್ದಾಯಿತು. ಅವನು ಬೆಂಕಿ ಬಿದ್ದ ದಿನ ಮಧ್ಯಾಹ್ನ ಗಿರಣಿಯ ಲಾರಿಯಲ್ಲಿ ತಳಕಿಗೆ ಹೋಗಿದ್ದ, ಬೆಂಕಿಯ ಸುದ್ದಿ ಕೇಳಿಯೇ ಓಡಿ ಬಂದಿದ್ದ. ತಳಕಿನ ಅಂಗಡಿಯವರು ಹೌದೆಂದರು. ದೀಪಿಕಾ ಪಾಠ ಹೇಳುವ ಶಾಲೆಯಲ್ಲಿದ್ದಳು. ಮನೆಯಲ್ಲಿದ್ದವರು ಯಜಮಾನರು ಮತ್ತು ಅಳಿಯ. ಯಜಮಾನರು ಊಟ ಮಾಡಿ ಮಲಗಿದ್ದರು.

ಮಹಾಂತೇಶ್ ಶಾಂತವಾಗಿ ಶೆಡ್ಡಿಗೆ ಬಂದ. ಸಾವಿನ ಮನೆ, ಬರಿಗಾಲು.

“ಸೋಪು ಹಚ್ಚಿದ್ದು ಕಂಡೇನ್ರಿ. ನೀರಿನ ವಿಚಾರ ನನಗೇನು ಗೊತ್ತು? ಅವರವರು ತೆಲುಗಿನ್ಯಾಗ ಏನೋ ಮಾತಾಡ್ಕೊಂಡ್ರು. ನನಗ ಅದು ಒಂದಕ್ಷರ ತಿಳಿಯಂಗಿಲ್ರಿ.”

ಗಂಗಲಕ್ಷ್ಮಿ ತಲೆಯಾಡಿಸಿದಳು. ತಪ್ಪಾದರೆ ಏನು ಗತಿ ಎಂದುಕೊಂಡಳು. ಅವಳು ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಖಾಕಿ ಹಾಕಿದ ಮೇಲೆ ಠಾಣೆಯಲ್ಲಿ ತನ್ನ ಮನೆಮಾತು ತೆಲುಗನ್ನು ಆಡಿದವಳಲ್ಲ. ಸುಟ್ಟ ಟ್ಯಾಂಕಿನಿಂದ ಕಣ್ಣು ಕೀಳದೆ, ಪೆನ್ನು ಕೊಡು ಅನ್ನುವಷ್ಟೇ ಸಹಜವಾಗಿ ಗೋವರ್ಧನನಿಗೆ ಹೇಳಿದಳು:

“ಆಯನ ಕಾಲು ದಗ್ಗರ ತೇಲು ಉಂದಿ.”

ಮಹಾಂತೇಶ್ ಒಂದು ಮಾರು ಹಿಂದಕ್ಕೆ ಹಾರಿದ. ಕಾಲೆತ್ತಿ ನೆಲ ನೋಡಿದ.

“ಏನಾಯ್ತು ಸಾರ್?” ಎಂದಳು ಗಂಗಲಕ್ಷ್ಮಿ.

“ಚೇಳು... ಎಲ್ಲೈತ್ರಿ ಚೇಳು?”

“ನಾನು ಚೇಳು ಅನ್ನಲಿಲ್ಲ. ತೇಲು ಅಂದೆ. ಕನ್ನಡದಲ್ಲಿ ತೇಲೋದು ನೀರ ಮೇಲೆ, ತೇಲು ಅಂದ್ರೆ ಚೇಳು ಆಗೋದು ತೆಲುಗಿನಲ್ಲಿ. ಅದನ್ನ ಕೇಳಿ ಕಾಲೆತ್ತೋನು ತೆಲುಗು ಬಲ್ಲೋನೇ.”

ಶೆಡ್ಡಿನ ಬಾಗಿಲಲ್ಲಿ ದೀಪಿಕಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಹಂಗಾದ್ರೆ ಇಷ್ಟು ವರ್ಷ ನಿಮ್ಮ ಎದುರಿಗೇ ನಾನು ಜಯಣ್ಣನ ಹತ್ರ ಆಡಿದ್ದೆಲ್ಲ ನಿಮಗೆ ತಿಳೀತಿತ್ತು,” ಎಂದಳು. ಅವಳ ದನಿ ಏರಲಿಲ್ಲ. “ನಿಮ್ಮ ಬಗ್ಗೆ ಆಡಿದ್ದೂ.”

ಮಹಾಂತೇಶ್ ಅವಳನ್ನು ನೋಡಲಿಲ್ಲ. ಗೋಡೆಗೆ ಒರಗಿ ಕೂತು ಒಂದೊಂದಾಗಿ ಒಪ್ಪಿಕೊಳ್ಳತೊಡಗಿದ.

*

ಗಿರಣಿಯ ಕೆಲಸದವರ ಬಾಯಿಂದ ಅವನು ಬಂದ ವರ್ಷವೇ ತೆಲುಗು ಕಲಿತಿದ್ದ. ಯಾರಿಗೂ ಹೇಳಲಿಲ್ಲ. ಭಾಷೆ ಬಾರದವನ ಎದುರು ಜನ ಬಾಗಿಲು ತೆರೆದಿಟ್ಟು ಮಾತಾಡುತ್ತಾರೆ. ತಾನು ಶೇಂಗಾ ಎಣ್ಣೆಗೆ ತಾಳೆ ಎಣ್ಣೆ ಬೆರೆಸಿ ಮಾವನ ಹೆಸರಲ್ಲಿ ಮಾರುತ್ತಿದ್ದುದು ಮಾವನಿಗೆ ತಿಳಿದಿದೆ ಎಂದು ಗೊತ್ತಾಗಿದ್ದೂ ಹಾಗೇ, ಯಜಮಾನರು ಜಯಣ್ಣನ ಬಳಿ ತೆಲುಗಿನಲ್ಲಿ ನೊಂದುಕೊಂಡಾಗ. ತಿಥಿ ಮುಗಿದ ಮೇಲೆ ಅಳಿಯನನ್ನು ಗಿರಣಿಯಿಂದ ಹೊರಗೆ ಹಾಕುವೆನೆಂದು ಅವರು ಹೇಳಿದ್ದರು.

ಮಾವ ಮಲಗಿದ್ದಾಗ ಅವನು ಗಿರಣಿಯ ತೊಟ್ಟಿಯಿಂದ ಪೈಪು ಎಳೆದು ಬಿರಡೆಯ ಮೇಲೆ ನೀರು ಬಿಟ್ಟ. ಸೋಪು ಕರಗಿತು. ಒಂದಿಷ್ಟು ಪೆಟ್ರೋಲ್ ನೀರಿನ ಜೊತೆ ಕಂಡಿಯಿಂದ ಹೊರಗೆ ಹರಿಯಿತು. ಉಳಿದದ್ದು ನಿಧಾನವಾಗಿ ಸೋರಿ, ಮುಚ್ಚಿದ ಶೆಡ್ಡಿನಲ್ಲಿ ಆವಿಯಾಗಿ ತುಂಬಿತು. ಮೂಗಿಲ್ಲದ ಮುದುಕ, ಮುಸ್ಸಂಜೆ, ಊದುಬತ್ತಿ. ಕಡ್ಡಿ ಗೀರುವ ಕೆಲಸವನ್ನೂ ಅವನು ತನ್ನ ಕೈಗೆ ಹಚ್ಚಿಕೊಳ್ಳಬೇಕಾಗಿರಲಿಲ್ಲ. ಪೈಪು ಗಿರಣಿಯ ಹೊಟ್ಟಿನ ರಾಶಿಯಲ್ಲಿ ಸಿಕ್ಕಿತು, ತುದಿಯಲ್ಲಿ ಪೆಟ್ರೋಲ್ ವಾಸನೆಯೊಂದಿಗೆ.

ಠಾಣೆಗೆ ಬಂದು ಗಂಗಲಕ್ಷ್ಮಿ ಎಲ್ಲವನ್ನೂ ಓಬಳೇಶನಿಗೆ ಬಿಡಿಸಿ ಹೇಳಿದಳು. ನಿನ್ನ ಬಿರಡೆ ಗಟ್ಟಿಯಾಗೇ ಇತ್ತು, ನಿನ್ನ ಕೈ ತಪ್ಪಿಲ್ಲ ಎಂದಳು. ಅವನ ಮುಖ ಅರಳುತ್ತದೆಂದು ಕಾದಳು.

ಅವನು ತನ್ನ ಅಂಗೈ ತಿರುಗಿಸಿ ನೋಡಿಕೊಂಡ.

“ನೀರು ಬಿದ್ರೆ ಸುಟ್ಟು ಹೋಗ್ತೈತೆ ಅಂತ ಅವನಿಗೆ ಹೇಳ್ಕೊಟ್ಟಿದ್ದು ನಾನೇ ಅಲ್ವಾ ಮೇಡಂ?”

“ನೀನು ಹೇಳಿದ್ದು ಹುಷಾರು ಅಂತ.”

“ಹೂಂ,” ಎಂದ. ಅವಳ ಮಾತಿಗೋ ತನ್ನ ಮಾತಿಗೋ ತಿಳಿಯಲಿಲ್ಲ.

ಗಂಡ ಹೆಂಡತಿಯನ್ನು ಅವಳೇ ಬಸ್‌ಸ್ಟ್ಯಾಂಡಿಗೆ ಕರೆದೊಯ್ದು ಹತ್ತಿಸಿದಳು. ಕಿಟಕಿಯ ಪಕ್ಕ ಕೂತ ಓಬಳೇಶನಿಗೆ ಚಿತ್ತಮ್ಮ ತೆಲುಗಿನಲ್ಲಿ ಏನೇನೋ ಹೇಳುತ್ತಿದ್ದಳು. ಕಂಡಕ್ಟರ್ ಬಂದು ಎಲ್ಲಿಗೆ ಎಂದ. ಓಬಳೇಶ್ ಬಾಯಿ ತೆರೆದ. ತನ್ನ ಮಾತು ಯಾರ ಕಿವಿಗೆ ಬೀಳುತ್ತದೋ ಎಂಬಂತೆ ಸುತ್ತ ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದ. ಮತ್ತೆ ಬಾಯಿ ಮುಚ್ಚಿಕೊಂಡ.

“ಎರಡು ಮೊಳಕಾಲ್ಮೂರು,” ಎಂದಳು ಚಿತ್ತಮ್ಮ.