ತೊಲೆಯಡಿಯ ಸೀಸೆ

“ಗುಡಿಸು, ಒರೆಸು, ಬೇಕಾದ್ರೆ ಗೋಡೆಗೆ ಬಣ್ಣ ಬಳಿ. ಆದ್ರೆ ಇಲ್ಲಿಂದ ಒಂದು ಮೊಳೆನೂ ಆಚೆ ಹೋಗಬಾರ್ದು. ಆ ಮೂಲೆ ಸೀಸೆ ಇದೆಯಲ್ಲ, ಅದನ್ನಂತೂ ತಿರುಗಿಸಲೇಬೇಡ,” ಎಂದಳು ಗ್ಯಾರೇಜಿನ ಬಾಗಿಲಲ್ಲಿ ನಿಂತ ಅತ್ತೆ ವರ್ನಾ.

ಮಾರ್ಸಿ ಸೊಸೆಯಾಗಿ ಈ ಮನೆಗೆ ಬಂದು ಒಂದು ಚಳಿಗಾಲ ಕಳೆದಿತ್ತಷ್ಟೆ. ಅರಿಜೋನಾದ ಬಿಸಿಲಿನಲ್ಲಿ ಬೆಳೆದವಳು. ಪೆನ್ಸಿಲ್ವೇನಿಯಾದ ಈ ಹಳೇ ಜರ್ಮನ್ ಮಂದಿ ಕೊಟ್ಟಿಗೆಯ ಗೋಡೆಗೆ ದೊಡ್ಡ ನಕ್ಷತ್ರ ಬರೆದು, ಮಾಟಕ್ಕೆ ‘ಹೆಕ್ಸ್’ ಎಂದು ಹೆಸರಿಟ್ಟು, ದನಿ ತಗ್ಗಿಸಿ ಮಾತಾಡುವುದನ್ನು ಕಂಡರೆ ಅವಳಿಗೆ ನಗು ತಡೆಯುತ್ತಿರಲಿಲ್ಲ.

“ಏನಿದೆ ಅಮ್ಮ ಅದರಲ್ಲಿ? ಭೂತಾನಾ?”

“ಕರ್ಟಿಸ್‌ದು. ಕೂಸಾಗಿದ್ದಾಗಿಂದು.” ವರ್ನಾ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದಳು. “ಅವನ ಕಿವಿಗೆ ಬೀಳಬಾರ್ದು. ಬಿದ್ರೆ ಕಟ್ಟು ಬಿಚ್ಚುತ್ತೆ.”

“ನಿಮ್ಮ ಮಗನಿಗೆ ತಲೆಕೂದಲು ಉದುರ್ತಾ ಇದೆ. ಬಾಟ್ಲಿ ಬಿಡಿಸೋ ಹೊತ್ತಾಗಿಲ್ವಾ?”

ವರ್ನಾ ನಗಲಿಲ್ಲ. ಮಂಡಿ ಹಿಡಿದುಕೊಂಡು ಒಳಗೆ ಹೋದಳು.

ಗ್ಯಾರೇಜೇನೋ ಎರಡು ಕಾರು ನಿಲ್ಲುವಷ್ಟಿತ್ತು. ಒಂದು ಸೈಕಲ್ಲೂ ನಿಲ್ಲುವಂತಿರಲಿಲ್ಲ. ಹಲ್ಲುದುರಿದ ಕುಂಟೆಗಳು, ತಂತಿಬಲೆ ಹರಿದ ಕಿಟಕಿಚೌಕಟ್ಟುಗಳು, ಕೆಟ್ಟ ರೇಡಿಯೊಗಳು, ಒದ್ದೆ ಹಿಡಿದು ಮೆತ್ತಗಾದ ರಟ್ಟಿನ ಪೆಟ್ಟಿಗೆಗಳು. ಪೆಟ್ರೋಲು, ಕೊಳೆತ ಹುಲ್ಲು, ಇಲಿಹಿಕ್ಕೆಗಳ ವಾಸನೆ ಗಂಟಲಲ್ಲೇ ಕೂರುತ್ತಿತ್ತು. ಇದೆಲ್ಲ ತೀರಿಹೋದ ಮಾವ ಎಲ್ವುಡ್ ಕೂಡಿಟ್ಟದ್ದು. ಕೆಲಸದ ಬೆಂಚಿನ ಮೇಲಿನ ತೊಲೆಗೆ ಮಾತ್ರ ಆತ ಒಪ್ಪವಾಗಿ ಸಾಲು ಮುಚ್ಚಳಗಳನ್ನು ಮೊಳೆ ಹೊಡೆದು ಕೂರಿಸಿದ್ದ. ಆ ಮುಚ್ಚಳಗಳಿಗೆ ಕೂಸಿನ ಊಟದ ಸಣ್ಣ ಗಾಜಿನ ಸೀಸೆಗಳನ್ನು ಕೆಳಗಿನಿಂದ ತಿರುಗಿಸಿ ಸಿಕ್ಕಿಸಿದ್ದ. ಒಂದರಲ್ಲಿ ಸ್ಕ್ರೂ, ಒಂದರಲ್ಲಿ ವಾಷರ್, ಒಂದರಲ್ಲಿ ಮೊಳೆ. ಕಟ್ಟಕಡೆಯ ಸೀಸೆ ಮಾತ್ರ ಮಸಿಗಟ್ಟಿತ್ತು. ಕುತ್ತಿಗೆಗೆ ಮೇಣ ಮೆತ್ತಿತ್ತು.

ಮಾರ್ಸಿ ಫೋನು ಎತ್ತಿ ಮೂಲೆಮೂಲೆಯ ವಿಡಿಯೊ ತೆಗೆದಳು. ಹಿಂದಿನ ದಿನ ನೈಟಿಯಲ್ಲೇ ಹರುಕು ಪೆಟ್ಟಿಗೆಯೊಂದನ್ನು ತಬ್ಬಿ ನಿಂತಿದ್ದ ವರ್ನಾಳ ಚಿತ್ರವನ್ನೂ ಅದಕ್ಕೆ ಸೇರಿಸಿ ಊರವರ ಪುಟಕ್ಕೆ ಹಾಕಿದಳು: ‘ಮುಂದಿನ ಶನಿವಾರ ಗ್ಯಾರೇಜ್ ಸೇಲ್. ಎಲ್ಲವೂ ಮಾರಾಟಕ್ಕೆ. ಕೇಳಿದರೆ ಅತ್ತೆಯನ್ನೂ ಕೊಟ್ಟೇವು.’ ಊರಿಗೆ ಊರೇ ನಕ್ಕಿತು.

ಭಾನುವಾರ ವರ್ನಾ ಚರ್ಚಿಗೆ ಹೋದದ್ದೇ ತಡ, ಮಾರ್ಸಿ ಕೈಗವಸು ತೊಟ್ಟಳು. ಇಟ್ಟುಕೊಳ್ಳುವುದು, ಮಾರುವುದು, ಎಸೆಯುವುದು ಎಂದು ರಾಶಿ ಬೇರೆಬೇರೆ ಮಾಡಿ ಅಂಗಳಕ್ಕೆ ಸಾಗಿಸಿದಳು. ಹೊರಗೆ ಕರ್ಟಿಸ್ ಯಂತ್ರ ಹಿಡಿದು ಹುಲ್ಲು ಕತ್ತರಿಸುತ್ತಿದ್ದ. ಅದರ ಗುರ್ರೆನ್ನುವ ಸದ್ದು ಮನೆಯ ಸುತ್ತ ತಿರುಗುತ್ತಿತ್ತು. ಧೂಳು ಒಳಗೆ ಬಾರದಿರಲೆಂದು ಅವಳು ಗುಂಡಿ ಒತ್ತಿ ಗ್ಯಾರೇಜಿನ ಬಾಗಿಲು ಇಳಿಸಿದಳು. ಬಾಗಿಲಿನ ಯಂತ್ರದ ದೀಪವೊಂದೇ ಉರಿಯುತ್ತಿತ್ತು.

ಉಳಿದದ್ದು ಆ ಸೀಸೆ. ಒಪ್ಪವಾದ ಸಾಲಿಗೆ ಅದೊಂದು ಕಲೆ.

ಮೇಣ ಕೆರೆದಳು. ತಿರುಗಿಸಿದಳು. ಅದು ಸಲೀಸಾಗಿ ಬಿಚ್ಚಿಕೊಂಡಿತು, ಇಷ್ಟು ವರ್ಷ ಕಾದು ಕೂತಿತ್ತೋ ಏನೋ. ಹಳೇ ಮೂತ್ರದ ಘಾಟು ಮೂಗಿಗೆ ಬಡಿಯಿತು. ಒಳಗೆ ಕಂದು ನೀರು. ಬಾಗಿಸಿದ ಗುಂಡುಸೂಜಿಗಳು. ಎಳೆಗೂದಲಿನ ಒಂದು ಗಂಟು.

“ಥೂ, ಹೇಸಿಗೆ ಜನ!” ಎಂದು ಎಲ್ಲವನ್ನೂ ಗ್ಯಾರೇಜಿನ ನೆಲದಲ್ಲಿದ್ದ ಬಚ್ಚಲ ತೂತಿಗೆ ಸುರಿದಳು. ಸೀಸೆ ತೊಳೆದು, ವಾಷರ್ ತುಂಬಿ, ಮತ್ತೆ ಅಲ್ಲೇ ಸಿಕ್ಕಿಸಿದಳು.

ಆಗ ದೀಪ ಆರಿತು. ಕತ್ತಲಲ್ಲಿ ಸಾಲಿನ ಸೀಸೆಗಳೆಲ್ಲ ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಗಾಳಿಯಿರಲಿಲ್ಲ. ಹೊರಗೆ ಹುಲ್ಲಿನ ಯಂತ್ರದ ಸದ್ದು ಗಕ್ಕನೆ ನಿಂತಿತು.

ಬಾಗಿಲು ಎತ್ತಿದಾಗ ಕರ್ಟಿಸ್ ಹುಲ್ಲಿನ ಮೇಲೆ ಮೊಣಕಾಲೂರಿ ವಾಂತಿ ಮಾಡುತ್ತಿದ್ದ. ಬೆಳಗಿನ ಮೊಟ್ಟೆಯ ನಡುವೆ ಏನೋ ಮಿನುಗಿತು. ಬಾಗಿದ ಗುಂಡುಸೂಜಿ.

ಆಸ್ಪತ್ರೆಯಲ್ಲಿ ಹೊಟ್ಟೆಯ ಎಕ್ಸ್‌ರೇ ತೆಗೆದರು. ಏನೂ ಇರಲಿಲ್ಲ. “ಮನೇಲಿ ಅಡುಗೆ ಯಾರು ಮಾಡೋದು?” ಎಂದು ಡಾಕ್ಟರು ಮಾರ್ಸಿಯತ್ತ ನೋಡಿ ಕೇಳಿದಾಗ ಅವಳ ಮುಖ ಕೆಂಪೇರಿತು. ವಾರ ತುಂಬುವುದರೊಳಗೆ ಕರ್ಟಿಸ್ ಹಾಸಿಗೆ ಹಿಡಿದ. ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿರಲಿಲ್ಲ. ಪಿಂಗಾಣಿ ಬಟ್ಟಲಿನಲ್ಲಿ ಸೂಜಿ ಬಿದ್ದ ಟಿಣ್ ಸದ್ದು ಕೇಳಿದಾಗಲೆಲ್ಲ ಮಾರ್ಸಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಕಡೆಗೆ ಅಡುಗೆಮನೆಗೆ ಹೋಗಿ ವರ್ನಾಳ ಎದುರು ನಿಂತಳು.

“ಅಮ್ಮ, ಆ ಸೀಸೆ... ನಾನೇ...”

“ಗೊತ್ತು. ಅವತ್ತೇ ಗೊತ್ತಾಯ್ತು. ನೀನಾಗಿ ಬಾಯಿ ಬಿಡ್ತೀಯೇನೋ ಅಂತ ಕಾದೆ.” ಮುದುಕಿ ಆಲೂಗೆಡ್ಡೆಯ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಲಿಲ್ಲ. “ನಿನ್ನ ವಿಡಿಯೊನೂ ನೋಡಿದೆ ಕಣೆ. ಚರ್ಚಲ್ಲಿ ಮೇಬಲ್ ತೋರ್ಸಿದ್ಲು. ಎಲ್ರೂ ನಗ್ತಿದ್ರು. ನಾನೂ ನಕ್ಕೆ. ಇನ್ನೇನ್ ಮಾಡ್ಲಿ?”

ಮಾರ್ಸಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಮೇಲೆ ವರ್ನಾ ಹೇಳಿದಳು. ಕೂಸಾಗಿದ್ದಾಗಲೂ ಕರ್ಟಿಸ್‌ಗೆ ಹೀಗೇ ಆಗಿತ್ತು. ಮಾಟ ಮಾಡಿಸಿದವರು ಈಗ ಮಣ್ಣಲ್ಲಿದ್ದಾರೆ, ಹೆಸರು ಬೇಡ. ಮಂತ್ರ ಹಾಕುವ ಮುದುಕನೊಬ್ಬ ಎಲ್ವುಡ್‌ನ ಕೈಯಲ್ಲಿ ಆ ಸೀಸೆ ಕಟ್ಟಿಸಿದ. ಸೀಸೆ ತೂಗುವ ಜಾಗದಿಂದ ಏನು ಆಚೆ ಹೋದರೂ ಅದರ ಬೆನ್ನಿಗೆ ಮಾಟಕ್ಕೂ ದಾರಿ. ಕಾವಲು ಕಾಯಬೇಕಾದದ್ದು ಮುಚ್ಚಳ ಮುಚ್ಚಿದ ಕೈ.

“ಎಲ್ವುಡ್ ಎಂಥ ಚೊಕ್ಕ ಮನುಷ್ಯ ಗೊತ್ತಾ? ಬೂಟಿನ ದಾರಾನೂ ಮಡಚಿಡೋನು. ಆಮೇಲೆ ಒಂದು ಮುರುಕು ಕುರ್ಚಿನೂ ಎಸೀಲಿಲ್ಲ. ಕಸದ ಎಲ್ವುಡ್ ಅಂತ ಊರೆಲ್ಲ ಆಡ್ಕೊಂಡ್ರು. ನಾನೂ ಅಂದೆ. ಮಗನ ಎದುರಿಗೇ ಅಂದೆ. ಸಾಯೋವಾಗ ನಿಜ ಹೇಳಿದ, ಪುಣ್ಯಾತ್ಮ.” ಅವಳ ಕೈ ಈಗ ನಿಂತಿತು. “ಆಗೋ ಹಾಗಿದ್ರೆ ನಾನೇ ಮುಚ್ತಿದ್ದೆ ಕಣೆ. ಆದ್ರೆ ಬಿಚ್ಚಿದೋರೇ ಮುಚ್ಚಬೇಕು.”

ಕರ್ಟಿಸ್‌ನ ಮೂತ್ರ, ಅವನ ಕೂದಲು, ಅವನು ಕಾರಿದ ಸೂಜಿಗಳು. ಇವನ್ನು ತುಂಬಿದ ಅದೇ ಸೀಸೆ ಹಿಡಿದು ಮಾರ್ಸಿ ಗ್ಯಾರೇಜಿಗೆ ಹೋದಳು. ಬಾಗಿಲು ಇಳಿಯಿತು. ತೊಲೆಯ ಮುಚ್ಚಳಕ್ಕೆ ಸೀಸೆಯ ಬಾಯಿ ಹಚ್ಚಿದಳು. ತಿರುಗಿಸಿದಳು. ಸುತ್ತು ಕೂರಲಿಲ್ಲ. ಮತ್ತೆ ತಿರುಗಿಸಿದಳು. ದೀಪ ಆರಿತು.

ಕತ್ತಲು. ಘಾಟು. ಬೆನ್ನ ಹಿಂದೆ ರಟ್ಟಿನ ಪೆಟ್ಟಿಗೆ ಸರಿದ ಸದ್ದು. ಯಾರೋ ಉಸಿರಾಡಿದರು. ಹತ್ತಿರ. ಕುತ್ತಿಗೆಯ ಹತ್ತಿರ. ಸೀಸೆ ಬಿಸಿಯಾಯಿತು. ಒಳಗೆ ಸೂಜಿಗಳು ಎದ್ದು ಗಾಜನ್ನು ಕುಕ್ಕಿದವು. ಗಾಜು ದಾಟಿ ಅಂಗೈಗೆ ಇಳಿದವು. ಮೇಲಿನ ಕೋಣೆಯಿಂದ ಕರ್ಟಿಸ್ ಚೀರಿದ. ಬಿಟ್ಟುಬಿಡು ಎಂದಿತು ಕೈ. ಬಿಡಲಿಲ್ಲ. ತಿರುಗಿಸಿದಳು. ಅತ್ತಳು. ತಿರುಗಿಸಿದಳು. ಕಿರ್‌ ಎಂದಿತು. ಕೂತಿತು.

ಸೀಸೆಗಳು ಸುಮ್ಮನಾದವು. ಬಹಳ ಹೊತ್ತಿನ ಮೇಲೆ ಮಾಳಿಗೆಯಿಂದ ಕರ್ಟಿಸ್‌ನ ಕ್ಷೀಣ ದನಿ ಕೇಳಿತು: “ಅಮ್ಮಾ, ಬ್ರೆಡ್ ಇದೆಯಾ?”

ಅಂಗೈಯಲ್ಲಿ ಒಂದು ಗಾಯವೂ ಇರಲಿಲ್ಲ. ಅಂಗಳದ ರಾಶಿಗಳನ್ನೆಲ್ಲ ಮಾರ್ಸಿಯೇ ಮತ್ತೆ ಒಳಗೆ ಹೊತ್ತಳು.

ಚಳಿಗಾಲ ಬಂತು. ಕರ್ಟಿಸ್ ಗುಂಡುಕಲ್ಲಿನಂತಾದ. ಕಾರು ಹಿಮದಲ್ಲಿ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಅವನು ಗಾಜಿನ ಮೇಲಿನ ಹಿಮ ಕೆರೆದು ಕೆರೆದು ಸಾಕಾಗಿ, ಗ್ಯಾರೇಜಿನ ಬಾಗಿಲು ಎತ್ತಿ, ಕೈಗೆ ಸಿಕ್ಕ ಕೆಟ್ಟ ರೇಡಿಯೊವನ್ನು ಕಸದ ಡಬ್ಬಿಯತ್ತ ಒಯ್ದ. ಅವನ ಕಾಲು ಹೊಸ್ತಿಲು ದಾಟಿದ್ದೇ ಮಾರ್ಸಿಯ ಅಂಗೈಗೆ ಸೂಜಿಗಳು ಇಳಿದವು. ಅವಳು ಓಡಿಹೋಗಿ ಕಸಿದುಕೊಂಡಳು.

“ತಲೆ ಕೆಟ್ಟಿದೆಯೇನೇ ನಿಂಗೆ? ಅಮ್ಮನ್ನ ಕಸದೋಳು ಅಂತ ಊರಿಗೆಲ್ಲ ಸಾರಿದೋಳು ನೀನೇ ಅಲ್ವಾ? ಹೊರಗೆ ಮುಖ ತೋರ್ಸೋಕೆ ನಾಚ್ಕೆ ಆಗುತ್ತೆ ನಂಗೆ!”

ಎದುರುಮನೆಗೆ ಹೊಸದಾಗಿ ಬಂದ ಹೆಂಗಸು ಕಿಟಕಿಯ ಪರದೆ ಸರಿಸಿ ಫೋನು ಎತ್ತಿ ಹಿಡಿದಿದ್ದಳು. ಮಾರ್ಸಿ ರೇಡಿಯೊವನ್ನು ಎದೆಗವುಚಿ ನೈಟಿಯಲ್ಲೇ ನಿಂತಿದ್ದಳು. ಕರ್ಟಿಸ್‌ಗೆ ನಿಜ ಹೇಳುವಂತಿಲ್ಲ. ಹೇಳಿದರೆ ಕಟ್ಟು ಬಿಚ್ಚುತ್ತದೆ.

ಒಳಗಿನಿಂದ ವರ್ನಾ ಮಂಡಿ ಎಳೆಯುತ್ತ ಬಂದಳು. ಸೊಸೆಯ ಮುಂದೆ ನಿಂತು, ಎದುರುಮನೆಗೂ ಕೇಳುವಂತೆ ಕೂಗಿದಳು:

“ಅವಳನ್ಯಾಕೋ ಬೈತೀಯಾ? ಎಸೀಬೇಡ ಅಂತ ಹಟ ಹಿಡಿದಿರೋಳು ನಾನು. ಕಸದೋಳು ನಾನು ಕಣೋ. ಊರಿಗೇ ಗೊತ್ತಲ್ಲ!”