ನೀರು ಬರುವ ಊರು

ಬೆಳಗಿನಿಂದ ಕೋಮಲಳ ಕಿವಿಯಲ್ಲಿ ಶಿವರಾಜನ ದನಿಯೇ ಇತ್ತು. ಅವಳಿಗೆ ಬೇಕಾದ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಅದು ಹೇಳುತ್ತಿತ್ತು.

"ಈ ಕಡೆ ನೋಡ್ರಿ. ಈ ಮನಿ ನಾಲ್ಕನೂರು ವರ್ಷದ್ದು. ಕಟಗಿ ಅಡ್ಡ ಉದ್ದ ಹಾಕಿ, ನಡುವ ಮಣ್ಣ ತುಂಬಿ ಗ್ವಾಡಿ ಕಟ್ಟ್ಯಾರ."

ಹದಿನಾರು ಜನರ ಕೊರಳಲ್ಲೂ ಒಂದೊಂದು ಪುಟ್ಟ ಡಬ್ಬಿ, ಕಿವಿಯಲ್ಲಿ ಒಂದೊಂದು ಇಯರ್‌ಫೋನ್. ಮುಂದೆ ಹಳದಿ ಛತ್ರಿ ಎತ್ತಿಕೊಂಡು ಗೈಡ್ ಉರ್ಸುಲಾ ಇಂಗ್ಲಿಷಿನಲ್ಲಿ ಹೇಳುವಳು. ಪಕ್ಕದಲ್ಲಿ ಮೈಕ್ ಹಿಡಿದ ಶಿವರಾಜ ಅದನ್ನು ಕನ್ನಡ ಮಾಡಿ ಎಲ್ಲರ ಕಿವಿಗೂ ಮುಟ್ಟಿಸುವನು. ಅಥಣಿ, ರಾಯಬಾಗ, ಕಾಗವಾಡ ಕಡೆಯ ದ್ರಾಕ್ಷಿ ಬೆಳೆಗಾರರು ಅಧ್ಯಯನ ಪ್ರವಾಸಕ್ಕೆಂದು ಜರ್ಮನಿಗೆ ಬಂದು ಏಳು ದಿನವಾಗಿತ್ತು. ಆರು ದಿನ ಗುಡ್ಡದ ಇಳಿಜಾರಿನ ತೋಟಗಳನ್ನು ನೋಡಿ ಮುಗಿಸಿ, ಕೊನೆಯ ದಿನ ಮೋಸೆಲ್ ನದಿಯ ದಂಡೆಯ ಈ ಹಳೆಯ ಊರನ್ನು ಕಾಲ್ನಡಿಗೆಯಲ್ಲಿ ನೋಡುತ್ತಿದ್ದರು. ಸಂಜೆ ಬಸ್ಸು, ಆಮೇಲೆ ವಿಮಾನ, ಆಮೇಲೆ ಅಥಣಿ.

ಆಮೇಲೆ ರವಿವಾರ. ರವಿವಾರ ಮಿರಜಿನಿಂದ ಗಂಡಿನ ಕಡೆಯವರು ಬಂದು ಕೋಮಲಳ ಮದುವೆ ನಿಶ್ಚಯ ಮಾಡಿಕೊಂಡು ಹೋಗುವವರಿದ್ದರು. ಗಂಡು ಶಿವರಾಜ ಆಗಿರಲಿಲ್ಲ.

ಅವಳಿಗೆ ಸಿಟ್ಟು ಬಂದದ್ದು ಮಿರಜಿನವರ ಮೇಲಲ್ಲ. ಪಾಪ, ಅವರು ಕೇಳಿದ್ದರು, ಅಪ್ಪ ಹೂಂ ಅಂದಿದ್ದ. ಸಿಟ್ಟೆಲ್ಲ ಈ ಮೈಕ್ ಹಿಡಿದವನ ಮೇಲೆ. ಜುಗೂಳದ ಈ ದ್ರಾಕ್ಷಿ ಸಲಹೆಗಾರ ಮೂರು ವರ್ಷದಿಂದ ಅವಳ ಅಪ್ಪ ವಿರುಪಾಕ್ಷಪ್ಪನ ತೋಟಕ್ಕೆ ಬರುತ್ತಿದ್ದ. ಎಲೆ ಮಗುಚಿ ರೋಗ ನೋಡುವ ನೆಪದಲ್ಲಿ, ಒಣದ್ರಾಕ್ಷಿ ಶೆಡ್ಡಿನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಅವಳನ್ನು ನೋಡುತ್ತಿದ್ದ. ಎರಡು ವರ್ಷದ ಹಿಂದೆ, ರೂಢಿಯಂತೆ, ತನ್ನೂರಿನ ಹಿರಿಯ ಅಪ್ಪಾಸಾಬನ ಕೈಲಿ ಹೆಣ್ಣು ಕೇಳಿ ಕಳಿಸಿದ. ವಿರುಪಾಕ್ಷಪ್ಪ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ: "ನೀರ ಬರೂ ಊರಿಗೆ ನಾ ಹೆಣ್ಣ ಕೊಡಂಗಿಲ್ಲ."

ಕೃಷ್ಣಾ ನದಿಗೆ ನೆರೆ ಬಂದರೆ ಜುಗೂಳಕ್ಕೆ ನೀರು ಬರುವುದು ಸುಳ್ಳಲ್ಲ. ಅಂದಿನಿಂದ ಶಿವರಾಜನಿಗೆ ಒಂದೇ ಮಾತು ಬಾಯಿಪಾಠ: ನೋಡೂಣು. ಅಪ್ಪನ ಹತ್ತಿರ ಯಾವಾಗ ಮಾತಾಡ್ತಿ? ನೋಡೂಣು. ಮಿರಜಿನವರು ಬಂದಾರ. ನೋಡೂಣು ತಡಿ. ಕೊನೆಗೆ, "ಜರ್ಮನಿಯೊಳಗ ಕೇಳ್ತೀನಿ, ಅಲ್ಲಿ ಕಾಕಾ ಖುಷಿಯಾಗಿ ಇರ್ತಾರ" ಅಂದಿದ್ದ. ಅವನ ಕಾಕಾ, ಅಂದರೆ ಅವಳ ಅಪ್ಪ, ಏಳು ದಿನದಿಂದ ಇಲ್ಲಿ ಖುಷಿಯಾಗಿಯೇ ಇದ್ದ. ಇವನ ಬಾಯಿ ಮಾತ್ರ ಬಿಚ್ಚಿರಲಿಲ್ಲ.

ಚರ್ಚಿನ ಮುಂದೆ ಎಲ್ಲರೂ ಫೋಟೋದಲ್ಲಿ ಮುಳುಗಿದಾಗ ಕೋಮಲ ಅವನ ಪಕ್ಕಕ್ಕೆ ಸರಿದಳು. ಅವನು ಕನ್ನಡಕ ಮೇಲೆ ತಳ್ಳಿಕೊಂಡ. ಅವಳು ಹತ್ತಿರ ಬಂದರೆ ಹಾಗೆ ಮಾಡುವುದು ಅವನ ಚಾಳಿ. ಆ ಚಾಳಿ ನೋಡಿದರೆ ಅವಳಿಗೆ ನಗು ಬರುತ್ತಿತ್ತು. ಇವತ್ತು ಬರಲಿಲ್ಲ.

"ಸರ್ರ, ಮೈಕ್ ಬಂದ್ ಮಾಡ್ರಿ."

ಅವನು ಗುಂಡಿ ಒತ್ತಿದ. "ಏನ ಕೋಮಲಾ?"

"ಇನ್ನ ಮೂರ ತಾಸ ಉಳದಾವು. ಕೇಳ್ತಿಯೋ ಇಲ್ಲೋ?"

"ಇಷ್ಟ ಮಂದ್ಯಾಗ ಹ್ಯಾಂಗ ಕೇಳ್ಲಿ?"

"ಮಂದಿ ಇಲ್ಲದಾಗ ಮೂರ ವರ್ಷ ಏನ ಮಾಡ್ದಿ?"

ಅವನ ಕಣ್ಣು ಒಂದು ಗಳಿಗೆ ಅವಳ ಮುಖದ ಮೇಲೆ ನಿಂತಿತು. ಹಣೆಯ ಮೇಲೆ ಹಾರುತ್ತಿದ್ದ ಕೂದಲು, ಚಳಿಗೆ ಕೆಂಪಾದ ಮೂಗಿನ ತುದಿ, ಬಿಗಿದ ತುಟಿ, ಎಲ್ಲ ನೋಡಿತು. ಅವನೇನೋ ಹೇಳಲು ಬಾಯಿ ತೆರೆದ.

"ಸರ್ರ!" ಹಿಂದಿನಿಂದ ಕೆಂಚವ್ವ ಕೂಗಿದಳು. ಎಂಟು ಎಕರೆ ದ್ರಾಕ್ಷಿಯನ್ನು ಒಬ್ಬಳೇ ಆಳುವ ಹೆಂಗಸು. "ಈ ಊರಾಗ ಚಾ ಎಲ್ಲಿ ಸಿಗತೈತಿ, ಉರ್ಸಲವ್ವಗ ಕೇಳ್ರಿ. ಬರೇ ಕಾಫಿ ಕುಡದು ನಾಲಗಿ ಸತ್ತ ಹೋಗೇತಿ!"

ಶಿವರಾಜ ಚಹಾ ವಿಚಾರಿಸಲು ಹೋದ. ಎಷ್ಟು ಚುರುಕಾಗಿ ಹೋದ ಅಂತೀರಿ! ಚಹಾ ಕೇಳುವುದಕ್ಕೆ ಅವನಲ್ಲಿ ಧೈರ್ಯಕ್ಕೇನೂ ಕೊರತೆ ಇರಲಿಲ್ಲ. ಕೋಮಲ ಚರ್ಚಿನ ಮೆಟ್ಟಿಲಿಗೆ ಬೂಟಿನಿಂದ ಒಂದು ಸಲ ಒದ್ದಳು. ನೋವಾದದ್ದು ಅವಳ ಕಾಲಿಗೇ.

ಮತ್ತೆ ನಡಿಗೆ, ಮತ್ತೆ ಕಿವಿಯಲ್ಲಿ ಅದೇ ದನಿ. ಸಂತೆಯ ಚೌಕ, ಹಳೆಯ ಬಾವಿ, ದ್ರಾಕ್ಷಿ ಹಿಂಡುತ್ತಿದ್ದ ಕಲ್ಲಿನ ತೊಟ್ಟಿ. ಅವಳತ್ತ ಕಣ್ಣು ಹೊರಳಿದಾಗಲೆಲ್ಲ ಅವನ ಮಾತು ತಪ್ಪುತ್ತಿತ್ತು. ಗಂಟೆಯ ಗೋಪುರದ ಕಥೆಯನ್ನು ಎರಡು ಸಲ ಹೇಳಿದ. ಒಳ್ಳೆಯದಾಯಿತು ಅಂದುಕೊಂಡಳು. ಇಯರ್‌ಫೋನ್ ಕಿತ್ತೆಸೆಯಬಹುದಿತ್ತು. ಎಸೆಯಲಿಲ್ಲ. ಆ ದನಿ ಅವಳಿಗೆ ಅಷ್ಟು ಬೇಕಿತ್ತು, ಅದೇ ಅವಳ ದೊಡ್ಡ ತೊಂದರೆ.

ಓಣಿ ಇಳಿದು ನದಿಯ ಹತ್ತಿರ ಬಂದಾಗ ಉರ್ಸುಲಾ ಒಂದು ಮನೆಯ ಮೂಲೆಗಲ್ಲಿನ ಮುಂದೆ ನಿಂತಳು. ಕಲ್ಲಿನಲ್ಲಿ ಅಡ್ಡ ಗೆರೆಗಳು, ಪ್ರತಿ ಗೆರೆಯ ಪಕ್ಕ ಒಂದು ಇಸವಿ. ಕೆಲವು ಮೊಣಕಾಲಿನ ಮಟ್ಟ, ಕೆಲವು ಎದೆಯ ಮಟ್ಟ. ಎಲ್ಲಕ್ಕಿಂತ ಮೇಲಿನದು ಮೊದಲ ಮಹಡಿಯ ಕಿಟಕಿಯ ಹತ್ತಿರ.

"ಇವು ನದಿ ನೀರ ಬಂದಿದ್ದರ ಗುರುತು," ಅಂದಿತು ಕಿವಿಯಲ್ಲಿನ ದನಿ. ಸ್ವಲ್ಪ ಸಣ್ಣದಾಗಿತ್ತು. "ಯಾವ ವರ್ಷ ಎಲ್ಲಿ ತನಕಾ ಬಂತು ಅನ್ನೂದನ್ನ ಕಲ್ಲಾಗ ಕೆತ್ತ್ಯಾರ."

ಬೆಳೆಗಾರರು ಕಲ್ಲಿನ ಸುತ್ತ ಒತ್ತಿಕೊಂಡು ನಿಂತರು. ನದಿಯ ನೆರೆ ಎಲ್ಲರಿಗೂ ಗೊತ್ತಿದ್ದದ್ದೇ. ಆಗ ವಿರುಪಾಕ್ಷಪ್ಪ ಟೊಪ್ಪಿಗೆ ಹಿಂದೆ ಸರಿಸಿ ಮೇಲಿನ ಗೆರೆ ನೋಡಿದ.

"ಅಲ್ಲೋ ತಮ್ಮಾ, ಇಂಥಾ ಊರಿಗೆ ಹೆಣ್ಣ ಯಾರ ಕೊಡ್ತಾರ? ಕೇಳ ಆಕಿನ್ನ."

ಶಿವರಾಜನ ಮುಖ ನೀರಲ್ಲಿ ನೆಂದ ಹಪ್ಪಳವಾಯಿತು. ಆದರೂ ಕೇಳಿದ. ಅವನ ಕೆಲಸ ಅದೇ ಆಗಿತ್ತಲ್ಲ.

ಉರ್ಸುಲಾ ಛತ್ರಿ ನೆಲಕ್ಕೂರಿ ಜೋರಾಗಿ ನಕ್ಕಳು. ಆಮೇಲೆ ಮಾತಾಡಿದಳು. ಕೈ ಗುಡ್ಡದ ಕಡೆ ತೋರಿಸಿದಳು, ಈ ಮನೆಯ ಬಾಗಿಲು ತೋರಿಸಿದಳು, ಎದೆ ಮುಟ್ಟಿಕೊಂಡಳು. ಇಂಗ್ಲಿಷ್ ಬರುತ್ತಿದ್ದ ಕೋಮಲ ಒಂದೊಂದು ಮಾತನ್ನೂ ಉಸಿರು ಹಿಡಿದು ಕೇಳಿದಳು. ಇನ್ನು ಇವನು ಇದನ್ನು ಹೇಗೆ ಹೇಳುತ್ತಾನೆ ಎಂದು ಅವನನ್ನೇ ನೋಡಿದಳು.

ಶಿವರಾಜ ಗಂಟಲು ಸರಿಮಾಡಿಕೊಂಡ. "ಮಂದಿ ಕೊಡ್ತಾರಂತ್ರಿ. ಏನ ಭಾಳ ತ್ರಾಸ ಆಗೂದಿಲ್ಲಂತ. ಮುಂದ ನಡೀರಿ, ಬ್ರಿಜ್ ನೋಡೂಣು."

"ಅಷ್ಟೊತ್ತ ಮಾತಾಡಿದ್ಲು, ಇಷ್ಟ ಏನ?" ಅಂದ ವಿರುಪಾಕ್ಷಪ್ಪ.

"ಇಷ್ಟ ಅಲ್ಲ!"

ಕೂಗಿದ್ದು ಕೋಮಲ. ಎರಡು ಹೆಜ್ಜೆಯಲ್ಲಿ ಹೋಗಿ ಶಿವರಾಜನ ಕೈಯಿಂದ ಮೈಕ್ ಕಿತ್ತುಕೊಂಡಳು. ಏಳು ದಿನದ, ಅಲ್ಲ, ಮೂರು ವರ್ಷದ ಸಿಟ್ಟು ಅವಳ ಕೈಯಲ್ಲಿತ್ತು.

"ಅಪ್ಪಾ, ನಾ ಹೇಳ್ತೀನಿ ಕೇಳು. ಈಕಿ ಗುಡ್ಡದ ಮ್ಯಾಲಿನ ಊರಾಕಿ. ಈಕಿ ಅಪ್ಪನೂ ನಿನ್ನಂಗ ಅಂದಿದ್ನಂತ, ನದಿ ದಂಡಿ ಮನಿಗೆ ಮಗಳನ್ನ ಕೊಡಂಗಿಲ್ಲ ಅಂತ. ಈ ಮನಿ ಐತೆಲ್ಲ, ಇದ ಈಕಿ ಮನಿ. ಲಗ್ನ ಆಗಿ ನಲವತ್ತಾರ ವರ್ಷ ಆತಂತ. ಐದ ಸಲ ನೀರ ಒಳಗ ಬಂತು. ಸಾಮಾನ ಮ್ಯಾಲ ಹೊತ್ವಿ, ರಾಡಿ ತೊಳದ್ವಿ, ಮತ್ತ ಕೆಳಗ ಇಳದ್ವಿ ಅಂತಾಳ." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಇನ್ನೊಂದ ಮಾತ ಹೇಳಿದ್ಲು, ಅದನ್ನ ಸರ್ ನುಂಗಿಬಿಟ್ರು. ಈಕಿ ಗಂಡಗ ಕೇಳಾಕ ಧೈರ್ಯನ ಇರ್ಲಿಲ್ಲಂತ. ಎರಡ ವರ್ಷ ಕಾದು ಸಾಕಾಗಿ, ಕಡೀಕ ಈಕೀನ ಅಪ್ಪನ ಮುಂದ ನಿಂತು ಕೇಳಿದ್ಲಂತ. ಅಪ್ಪಾ, ನನಗೂ ಸಾಕಾಗೇತಿ. ನಾನೂ ಕೇಳಾಕತ್ತೀನಿ."

ಹದಿನಾರು ಕಿವಿಗಳಿಗೂ ಅದು ಸ್ಪಷ್ಟವಾಗಿ ಮುಟ್ಟಿತು. ಕೆಂಚವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಉರ್ಸುಲಾಳಿಗೆ ಕನ್ನಡ ಬಾರದಿದ್ದರೂ ಅವಳ ಛತ್ರಿ ಅಲ್ಲಾಡದೆ ನಿಂತಿತ್ತು.

ವಿರುಪಾಕ್ಷಪ್ಪ ಇಯರ್‌ಫೋನ್ ತೆಗೆದ. ಮಗಳನ್ನು ನೋಡಲಿಲ್ಲ. ಶಿವರಾಜನನ್ನು ಕರೆದು ಕಲ್ಲಿನ ಪಕ್ಕ ನಿಲ್ಲಿಸಿದ.

"ಎರಡ ಸಾವಿರದ ಹತ್ತೊಂಬತ್ತರ ನೆರೆಯಾಗ ನಿಮ್ಮ ಮನ್ಯಾಗ ಎಲ್ಲಿ ತನಕಾ ಬಂದಿತ್ತು?"

ಶಿವರಾಜ ಅಂಗೈಯನ್ನು ಕಲ್ಲಿನ ಮೇಲಿಟ್ಟ. ಅವನ ಎದೆಯ ಮಟ್ಟ. "ಇಲ್ಲಿ ತನಕಾರಿ ಕಾಕಾ."

"ಅದಕ್ಕ ಈಗೇನ ಮಾಡಾಕತ್ತಿ?"

"ಎತ್ತರದ ಹೊಲದಾಗ ಹೊಸ ಮನಿ ಕಟ್ಟಾಕತ್ತೀನ್ರಿ. ಸ್ಲ್ಯಾಬ್ ಆಗೇತಿ. ಪೂರಾ ಮುಗೀಲಿ, ಆಮ್ಯಾಲ ಬಂದ ಕೇಳೂಣು ಅಂತ…"

"ಸ್ಲ್ಯಾಬ್ ಆಗೇತಿ?" ಮೈಕ್ ಇನ್ನೂ ಕೋಮಲಳ ಕೈಯಲ್ಲೇ ಇತ್ತು, ಎಲ್ಲರೂ ಬೆಚ್ಚಿದರು. "ನನಗ ಒಂದ ಮಾತ ಹೇಳಾಕ ಆಗ್ಲಿಲ್ಲೇನ ನಿನಗ?"

"ಮುಗದ ಮ್ಯಾಲ ತೋರಸ್ಬೇಕಂತಿದ್ದೆ," ಅಂದ ಅವನು, ಕನ್ನಡಕ ತಳ್ಳಿಕೊಳ್ಳುತ್ತ. "ಅಡಗಿಮನಿ ಕಿಡಕಿ ಅಥಣಿ ದಿಕ್ಕಿಗೆ ಇಟ್ಟೀನಿ."

ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು. ಅಳಬೇಕೂ ಅನಿಸಿತು. ಎರಡನ್ನೂ ಮಾಡದೆ ನದಿಯ ಕಡೆ ನೋಡಿದಳು.

"ಮೂರ ವರ್ಷ ನನ್ನ ಮನ್ಯಾಗ ಚಾ ಕುಡದಿ," ಅಂದ ವಿರುಪಾಕ್ಷಪ್ಪ. "ಔಷಧ ಹ್ಯಾಂಗ ಹೊಡೀಬೇಕಂತ ನನಗ ದನಿ ಏರಿಸಿ ಹೇಳ್ದಿ. ಇದನ್ನ ಹೇಳಾಕ ಏನಾಗಿತ್ತು?"

"ನೀವು ಬ್ಯಾಡ ಅಂದಿದ್ರಲ್ಲರಿ."

"ನಾ ಬ್ಯಾಡ ಅಂದಿದ್ದು ಅಪ್ಪಾಸಾಬಗ. ನೀ ಯಾವಾಗ ಕೇಳ್ದಿ?"

ಕೋಮಲ ಮೈಕನ್ನು ಶಿವರಾಜನ ಬಾಯಿಯ ಹತ್ತಿರ ಹಿಡಿದಳು. ಅವಳ ಕೈ ಅವನ ಗಲ್ಲಕ್ಕೆ ತಾಗುವಷ್ಟು ಹತ್ತಿರವಿತ್ತು. ಏಳು ದಿನ ಬೇರೆಯವರ ಮಾತನ್ನೆಲ್ಲ ಹೊತ್ತು ತಂದವನು ಈಗ ತನ್ನ ಮಾತು ಹುಡುಕಿದ.

"ಕಾಕಾ, ನನಗ ಕೋಮಲಾನ್ನ ಕೊಡ್ರಿ. ನೀರ ಬಂದ್ರೂ ಆಕಿ ಕಾಲ ಒದ್ದಿ ಆಗದಂಗ ನೋಡ್ಕೋತೀನಿ ಅಂತ ಸುಳ್ಳ ಹೇಳಂಗಿಲ್ಲ. ಒದ್ದಿ ಆದ್ರ ನಂದೂ ಕೂಡೇ ಆಗತೈತಿ."

ವಿರುಪಾಕ್ಷಪ್ಪ ಮತ್ತೊಮ್ಮೆ ಆ ಗೆರೆಗಳನ್ನು ನೋಡಿದ. ಆಮೇಲೆ ಜೇಬಿನಿಂದ ಫೋನ್ ತೆಗೆದ. "ಮಿರಜದವರಿಗೆ ರವಿವಾರ ಬರಬ್ಯಾಡ್ರಿ ಅಂತ ಹೇಳ್ಬೇಕು. ಮಂದಿ ಮುಂದ ನನ್ನ ಮಾರಿ ಕೆಡಿಸಿದ್ರಿ ಇಬ್ಬರೂ ಕೂಡಿ." ಬೈಯುತ್ತಲೇ ಅವನು ಕಣ್ಣೊರೆಸಿಕೊಂಡದ್ದನ್ನು ಮಗಳು ನೋಡಿದಳು.

"ಹುಡುಗ ಕೇಳ್ದ, ಅಪ್ಪ ಒಪ್ಪಿದ," ಕೆಂಚವ್ವ ಕೂಗಿದಳು. "ತಂಗಿ, ನಿಂದೇನ ಈಗ?"

ಕೋಮಲ ಶಿವರಾಜನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೋಡೂಣು," ಅಂದಳು.

ಮೈಕನ್ನು ಅವನ ಕೈಗಿಟ್ಟು ಸೇತುವೆಯ ಕಡೆ ನಡೆದೇಬಿಟ್ಟಳು. ಹಿಂದೆ ನಗೆ ಎದ್ದಿತು. ಉರ್ಸುಲಾ ಛತ್ರಿ ಎತ್ತಿದಳು, ಗುಂಪು ಹೊರಟಿತು. ಕೋಮಲಳ ಕಿವಿಯಲ್ಲಿ ಸ್ವಲ್ಪ ಹೊತ್ತು ಬರೀ ಅವನ ಉಸಿರಿತ್ತು.

"ಕೋಮಲಾ." ಎಲ್ಲರಿಗೂ ಕೇಳುತ್ತದೆ ಅನ್ನುವುದನ್ನು ಅವನು ಮರೆತಿದ್ದನೋ, ಬಿಟ್ಟಿದ್ದನೋ. "ನೋಡೂಣು ಅಂದ್ರ ಎಷ್ಟ ದಿನ?"

ಅವಳು ತಿರುಗಿ ನಿಂತಳು. ಅಂದು ಮೊದಲ ಸಲ ನಕ್ಕಳು.

"ಈ ಬ್ರಿಜ್ ಮುಗಿಯೂ ತನಕಾ. ಲಗೂ ಬಾ."